ಚಿಂತಾಮಣಿಯ ಭೋಗ್ಯದ ಮನೆ

"ಬಾಡಿಗಿ ಎಷ್ಟ್ರಿ?" ಎಂದು ಕೇಳಿದೆ. ಮನೆಯ ಒಡತಿ ರತ್ನಮ್ಮನವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, ನನ್ನನ್ನೂ ನನ್ನ ಹೆಂಡತಿ ಸುನಂದಾಳನ್ನೂ ಒಮ್ಮೆ ನೋಡಿ, "ಬಾಡಿಗೆ ನಾನು ತಗೊಳಲ್ಲಪ್ಪ" ಅಂದರು.

ನಾನೇ ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು. ಮನೆ ಪಾಳು ಬಿದ್ದದ್ದೇನೂ ಅಲ್ಲ. ಮಹಡಿಯ ಮೇಲೆ ಎರಡು ಕೋಣೆ, ಬೆಳಕಿರುವ ಅಡುಗೆಮನೆ, ಬಟ್ಟೆ ಒಣಗಿಸಲು ತಾರಸಿ. ತಾರಸಿಗೆ ಹೋದರೆ ದೂರಕ್ಕೆ ಬಂಡೆಗುಡ್ಡಗಳು ಕಾಣುತ್ತಿದ್ದವು. ಇಂಥ ಮನೆಗೆ ಬಾಡಿಗೆ ಬೇಡ ಅಂದರೆ ಏನೋ ಐಬು ಇರಬೇಕು ಎಂದು ನಾನು ಗೋಡೆಯ ಮೂಲೆಗಳನ್ನು ನೋಡತೊಡಗಿದೆ. ಸುನಂದಾ ಮಾತ್ರ ನೇರವಾಗಿ ಕೇಳಿದಳು: "ಬಾಡಿಗಿ ಇಲ್ಲದ ಹ್ಯಾಂಗ ಇರೂದ್ರಿ?"

"ಭೋಗ್ಯಕ್ಕೆ ಇರಮ್ಮ. ಐದು ಲಕ್ಷ ಕೊಡಿ. ಮೂರು ವರ್ಷ ನಿಮ್ಮ ಮನೆ ಥರಾನೇ ಇರಿ. ಹೋಗುವಾಗ ಐದು ಲಕ್ಷಾನೂ ಎಣಿಸ್ಕೊಂಡು ಹೋಗಿ. ಕರೆಂಟು, ನೀರು ನಿಮ್ದು. ಇನ್ನೇನೂ ಬೇಡ."

ಗದಗಿನಲ್ಲಿ ನಾವು ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲೇ ಇದ್ದವರು. ತಿಂಗಳು ಹುಟ್ಟಿದರೆ ಮಾಲಕರ ಮನೆಗೆ ಹೋಗಿ ಬಾಡಿಗೆ ಕೊಟ್ಟು, ಚಹಾ ಕುಡಿದು ಬರುತ್ತಿದ್ದೆವು. ಅದು ಹೋದ ದುಡ್ಡು, ತಿರುಗಿ ಬರುವುದಲ್ಲ. ಇಲ್ಲಿ ನೋಡಿದರೆ ಇಡೀ ದುಡ್ಡು ತಿರುಗಿ ಬರುತ್ತದಂತೆ! ಹೊಸ ಊರಿನ ಮೊದಲ ಬೆಳಗ್ಗೆಯೇ ನನಗೆ ಲೆಕ್ಕಾಚಾರವೇ ತಲೆಕೆಳಗಾದ ಹಾಗಾಯಿತು.

ನಾನು ಈರಣ್ಣ, ಫೋಟೋಗ್ರಾಫರ್. ಗದಗಿನಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೋ ಬಿಟ್ಟರೆ ಬೇರೆ ಕೆಲಸಕ್ಕೆ ಅದರ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಅದೇ ಹೊತ್ತಿಗೆ ಸುನಂದಾಳಿಗೆ ಚಿಂತಾಮಣಿಯಲ್ಲಿ ಉಪನ್ಯಾಸಕಿಯಾಗಿ ನೇಮಕದ ಆದೇಶ ಬಂತು. ಸ್ಟುಡಿಯೋ ಬಿಟ್ಟುಕೊಟ್ಟೆ, ಸಾಮಾನು ಮಾರಿದೆ, ಎರಡು ಕ್ಯಾಮೆರಾ ಉಳಿಸಿಕೊಂಡೆ. ಹೆಂಡತಿಯ ನೌಕರಿಯ ಹಿಂದೆ ಗಂಡ ಹೊರಟದ್ದಕ್ಕೆ ನಮ್ಮ ಓಣಿಯಲ್ಲಿ ಯಾರೂ ನನ್ನೆದುರಿಗೆ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಕೇಳಿಸುತ್ತಿತ್ತು. ಸ್ಟುಡಿಯೋದಿಂದ ಬಂದ ದುಡ್ಡು, ಸುನಂದಾ ಖಾಸಗಿ ಕಾಲೇಜಿನಲ್ಲಿ ದುಡಿದು ಕೂಡಿಟ್ಟ ದುಡ್ಡು ಎರಡೂ ಸೇರಿದರೆ ರತ್ನಮ್ಮನವರು ಕೇಳಿದಷ್ಟಾಗುತ್ತಿತ್ತು. ಅದರಾಚೆಗೆ ನಮ್ಮಲ್ಲಿ ಏನೂ ಇರಲಿಲ್ಲ.

ಸುನಂದಾಳ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನಾರಾಯಣಸ್ವಾಮಿ ಮೇಷ್ಟ್ರು ನಮಗೆ ಇಲ್ಲಿ ಸಿಕ್ಕ ಮೊದಲ ಆಪ್ತರು. ಭೋಗ್ಯದ ವಿಷಯ ಕೇಳಿದ ಕೂಡಲೇ ಅವರು, "ಮಾಮೂಲಿ ಸಾರ್ ಇದು, ಈ ಕಡೆ ಎಲ್ಲಾ ಊರಲ್ಲೂ ಐತೆ. ಕೆಲವರು ಲೀಸು ಅಂತಾರೆ ಅಷ್ಟೆ. ಆದ್ರೆ ಬರೀ ಬಾಯಿಮಾತಲ್ಲಿ ಮಾಡ್ಬೇಡಿ. ಮನೆ ಮೇಲೆ ಬೇರೆ ಸಾಲ ಐತಾ ನೋಡಿ. ರಿಜಿಸ್ಟರ್ ಮಾಡಿಸಿ. ದುಡ್ಡು ಬ್ಯಾಂಕಿಂದಾನೇ ಹೋಗ್ಲಿ" ಅಂದರು. ರಿಜಿಸ್ಟರ್ ಅಂದದ್ದಕ್ಕೆ ರತ್ನಮ್ಮನವರ ಮುಖ ಸಣ್ಣದಾಯಿತು. "ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಹಂಗೆ ಕೇಳಿಲ್ಲಪ್ಪ" ಅಂದರು. ಆದರೂ ಬಂದು ಸಹಿ ಹಾಕಿದರು. ಬರುವಾಗ ದಾರಿಯಲ್ಲಿ ನಮ್ಮ ಮಗಳು ಸಹನಾಳಿಗೆ ಎಳನೀರು ಕುಡಿಸಿದರು.

ಹೀಗೆ ನಾವು ಚಿಂತಾಮಣಿಯವರಾದೆವು. ಅಂದರೆ ಹಾಗಂದುಕೊಂಡೆವು.

ಮೊದಲ ತಿಂಗಳುಗಳಲ್ಲಿ ನನಗೆ ಕನ್ನಡವೇ ಕೈಕೊಟ್ಟಿತು. ನಾನು ಪ್ರತಿ ಮಾತಿಗೂ "ರೀ" ಹಚ್ಚಿದರೆ ಅಂಗಡಿಯವರು ನಗುತ್ತಿದ್ದರು. ಅವರು ನನ್ನ ಮಗಳನ್ನು "ಏನಮ್ಮಾ" ಎಂದೂ, ನನಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ನನ್ನನ್ನು "ಹೇಳಪ್ಪಾ" ಎಂದೂ ಕರೆದಾಗ ನನಗೆ ವಿಚಿತ್ರವೆನಿಸುತ್ತಿತ್ತು. ಎದುರುಬದುರು ನಿಂತು ಕನ್ನಡದಲ್ಲಿ ಮಾತು ಆರಂಭಿಸಿದ ಇಬ್ಬರು, ನಡುವೆ ಯಾವುದೋ ಗಳಿಗೆಯಲ್ಲಿ ತೆಲುಗಿಗೆ ದಾಟಿ, ಮತ್ತೆ ಕನ್ನಡಕ್ಕೆ ಬಂದು ಮುಗಿಸುತ್ತಿದ್ದರು. ಎಲ್ಲಿ ದಾಟಿದರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಾನು ಕಲಿತ ಮೊದಲ ತೆಲುಗು ಮಾತು "ಪರ್ವಾಲೇದು". ಪರವಾಗಿಲ್ಲ ಎಂದರ್ಥ. ಹೊಸಬನಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಮಾತಿಲ್ಲ.

ಊಟದ್ದು ಇನ್ನೊಂದು ಪಾಡು. ಜೋಳದ ಹಿಟ್ಟು ಹುಡುಕಿಕೊಂಡು ನಾನು ಅಂಗಡಿ ಅಂಗಡಿ ತಿರುಗಿದೆ. ಸಿಕ್ಕ ಹಿಟ್ಟು ರೊಟ್ಟಿ ಬಡಿಯುವಾಗ ಅಂಚಿನಲ್ಲಿ ಸೀಳುತ್ತಿತ್ತು. ಕೊನೆಗೆ ರತ್ನಮ್ಮನವರ ಬಸ್ಸಾರು, ಮುದ್ದೆಯೇ ನಮ್ಮ ಕೈ ಹಿಡಿದವು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು ಅದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅವರು ಸಹನಾಳಿಗೆ ಹೇಳಿಕೊಟ್ಟರು. ಅವಳು ಒಂದೇ ವಾರದಲ್ಲಿ ಕಲಿತಳು. ನನಗೆ ಇನ್ನೂ ಗಂಟಲಲ್ಲಿ ನಿಲ್ಲುತ್ತದೆ.

ಆದರೆ ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಇಲ್ಲಿಯವರು ದುಡ್ಡಿನ ಬಗ್ಗೆ ಮಾತಾಡುವ ರೀತಿ. ನಮ್ಮ ಮನೆಯಲ್ಲಿ ಅಪ್ಪನ ಸಂಬಳ ಎಷ್ಟೆಂದು ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ. ದುಡ್ಡಿನ ಮಾತು ಬಂದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಇಲ್ಲಿ ಶಿಡ್ಲಘಟ್ಟದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರೊಬ್ಬರು, ಹೆಸರು, ಕಸುಬು ಕೇಳಿದ ಮರುಕ್ಷಣವೇ, "ಮದುವೆ ಒಂದಕ್ಕೆ ಎಷ್ಟು ತಗೊಂತೀರಾ? ಖರ್ಚು ಕಳೆದು ಎಷ್ಟು ಉಳಿತದೆ?" ಅಂದರು. ನಾನು ತಡವರಿಸಿದೆ. ಅವರಿಗೆ ಮುಚ್ಚುಮರೆಯೇ ಇರಲಿಲ್ಲ. ರೇಷ್ಮೆಗೂಡು ಯಾವ ದರಕ್ಕೆ ಹೋಯಿತು, ಹಿಪ್ಪುನೇರಳೆ ಸೊಪ್ಪಿಗೆ ಎಷ್ಟಾಯಿತು, ಅಳಿಯನಿಗೆ ಸಂಬಳ ಎಷ್ಟು ಎಲ್ಲ ಹೇಳಿದರು. ಇಳಿಯುವ ಹೊತ್ತಿಗೆ ತಮ್ಮ ತಮ್ಮನ ಮದುವೆಗೆ ನನ್ನನ್ನೇ ಗೊತ್ತುಮಾಡಿದರು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಮದುವೆ ಅದು.

ಒಂದು ಮದುವೆ ಇನ್ನೊಂದನ್ನು ತಂತು. ಗೌರಿಬಿದನೂರಿನ ಛತ್ರ, ಚಿಕ್ಕಬಳ್ಳಾಪುರದ ನಿಶ್ಚಿತಾರ್ಥ, ಸ್ಕಂದಗಿರಿಯಲ್ಲಿ ಮದುವೆಗೆ ಮುಂಚಿನ ಫೋಟೋಗಳು. ಗಂಡು ಹೆಣ್ಣನ್ನು ಬೆಳಗಿನ ಮಂಜಿನಲ್ಲಿ ನಿಲ್ಲಿಸಿ, "ಸ್ವಲ್ಪ ನಗ್ರಿ" ಎಂದರೆ ಚಳಿಗೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮದುವೆಗಳಲ್ಲಿ ಇಲ್ಲಿ ಮುಯ್ಯಿ ಎಂಬುದುಂಟು. ನಮ್ಮ ಕಡೆಯ ಆಹೇರ ಇದ್ದ ಹಾಗೆ. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟುಕೊಂಡು ಅವರ ಮನೆಯ ಮದುವೆಗೆ ತಿರುಗಿ ಅಷ್ಟನ್ನು, ಮೇಲೆ ಒಂದಿಷ್ಟನ್ನು ಮುಟ್ಟಿಸುತ್ತಾರೆ. ನನಗೆ ಮೊದಮೊದಲು ಇದು ವ್ಯಾಪಾರದಂತೆ ಕಂಡಿತು. ಆಮೇಲೆ ಕಂಡದ್ದು ಬೇರೆ. ಯಾರ ಹತ್ತಿರ ಯಾರ ದುಡ್ಡಿದೆ ಎಂಬುದು ಎಲ್ಲರಿಗೂ ಗೊತ್ತಿದೆ, ಅದರಲ್ಲಿ ನಾಚಿಕೆಯಿಲ್ಲ.

ಒಂದು ವರ್ಷ ಕಳೆದಿರಬೇಕು. ಒಂದು ಭಾನುವಾರ ಚಹಾ ಕುಡಿಯುತ್ತ ಸುನಂದಾ ಕೇಳಿದಳು: "ಬಾಡಿಗಿ ಉಳೀತು, ಬಾಡಿಗಿ ಉಳೀತು ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತೀರಲ್ಲ, ಆ ಉಳಿದ ರೊಕ್ಕ ಎಲ್ಲೈತ್ರಿ?"

ನಾನು ಯೋಚಿಸಿದೆ. ಎಲ್ಲಿಯೂ ಇರಲಿಲ್ಲ. ಹೊಸ ಟೀವಿ ಬಂದಿತ್ತು, ಕಂತಿನ ಮೇಲೆ ಒಂದು ಲೆನ್ಸ್ ಬಂದಿತ್ತು, ಭಾನುವಾರ ಹೋಟೆಲ್ ಊಟ ರೂಢಿಯಾಗಿತ್ತು. ಬಾಡಿಗೆ ಕೊಡುವುದಿಲ್ಲವೆಂಬ ಧೈರ್ಯದಲ್ಲಿ ಬಾಡಿಗೆಗಿಂತ ಹೆಚ್ಚೇ ಖರ್ಚಾಗುತ್ತಿತ್ತು.

"ನಾಳಿಂದ ನಾವು ಬಾಡಿಗಿ ಕೊಡೂಣು" ಅಂದಳು.

"ಯಾರಿಗೆ?"

"ನಮಗ ನಾವ."

ಅವಳು ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ ತೆರೆದಳು. ತಿಂಗಳು ತಿಂಗಳು ಒಂದೇ ಮೊತ್ತವನ್ನು ಐದು ವರ್ಷ ಕಟ್ಟುವ ಉಳಿತಾಯ ಖಾತೆ ಅದು. ಇಂಥ ಮನೆಗೆ ಈ ಬೀದಿಯಲ್ಲಿ ಏನು ಬಾಡಿಗೆ ಇದೆಯೋ ಅಷ್ಟನ್ನು ಸಂಬಳ ಬಂದ ದಿನವೇ ಅಲ್ಲಿಗೆ ಕಟ್ಟಿಬಿಡುತ್ತಿದ್ದಳು. ಉಳಿದದ್ದರಲ್ಲಿ ಸಂಸಾರ. ಹೋಟೆಲ್ ಊಟ ನಿಂತಿತು. ಎರಡು ತಿಂಗಳು ನಾನು ಗೊಣಗಿದೆ. ಮೂರನೆಯ ತಿಂಗಳು ಗೊಣಗಲು ಮರೆತೆ.

ಭೋಗ್ಯದ ಮೂರು ವರ್ಷ ಮುಗಿಯುತ್ತ ಬಂದಾಗ ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿ ಮಳಿಗೆ ಖಾಲಿಯಾಗುವ ಸುದ್ದಿ ಬಂತು. ಮೊದಲ ಸಲ ಅದನ್ನು ನೋಡಲು ಹೋದ ದಿನ ನಾನು ಶಟರಿನ ಮೇಲಿನ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಮೂರು ವರ್ಷದಿಂದ ನಾನು "ಮೇಡಂ ಯಜಮಾನರು" ಆಗಿದ್ದೆ. ಹೆಸರಿನ ಬೋರ್ಡೊಂದು ಮತ್ತೆ ಮೇಲೇರಬೇಕೆಂಬ ಆಸೆ ಎಷ್ಟಿತ್ತೆಂದು ನನಗೆ ಅಂದೇ ತಿಳಿದದ್ದು. ಐದು ಲಕ್ಷ ಕೈಗೆ ಬಂದರೆ ಮಳಿಗೆಯ ಮುಂಗಡ, ಒಳಗಿನ ಕೆಲಸ, ಒಂದು ಪ್ರಿಂಟರು ಎಲ್ಲ ಆಗುತ್ತಿತ್ತು. ಮಳಿಗೆಯ ಮಾಲೀಕರು ಒಂದು ತಿಂಗಳು ಕಾಯುವುದಾಗಿ ಹೇಳಿದರು.

ಮನೆ ಬಿಡುವ ವಿಷಯವನ್ನು ರತ್ನಮ್ಮನವರಿಗೆ ಮೊದಲೇ ತಿಳಿಸಿದ್ದೆವು. ದುಡ್ಡಿನ ಮಾತೆತ್ತಿದಾಗ ಅವರು ಸಲೀಸಾಗಿ, "ಅದಕ್ಕೇನಪ್ಪ, ಬೇರೆಯೋರು ಬಂದ ತಕ್ಷಣ ಅವ್ರ ದುಡ್ಡು ನಿಮಗೇ" ಅಂದರು.

"ಬೇರೆಯವರು ಬರದಿದ್ರ?"

"ಬರದೆ ಎಲ್ಲೋಗ್ತಾರೆ? ಇಷ್ಟು ವರ್ಷ ಬಂದಿಲ್ವಾ?"

ಅಂದು ಕೂತು ಅವರು ಎಲ್ಲ ಹೇಳಿದರು. ಮುಚ್ಚಿಡಬೇಕೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಗಂಡ ಇದ್ದಾಗ ಮೊದಲ ಸಂಸಾರದಿಂದ ಬಂದ ಭೋಗ್ಯದ ದುಡ್ಡಿನಲ್ಲೇ ಈ ಮಹಡಿಯ ಕೆಲಸ ಮುಗಿಸಿದ್ದು. ಆ ಸಂಸಾರ ಹೋಗುವಾಗ ಎರಡನೆಯವರ ದುಡ್ಡು ಅವರಿಗೆ ಹೋಯಿತು. ಎರಡನೆಯವರಿಗೆ ಮೂರನೆಯವರದ್ದು. ಮೂರನೆಯವರಿಗೆ ನಮ್ಮದು. ಪ್ರತಿ ಸಲ ಸ್ವಲ್ಪ ಹೆಚ್ಚು ಕೇಳುವುದರಿಂದ ಉಳಿದದ್ದು ಸುಣ್ಣ ಬಣ್ಣಕ್ಕೆ, ಮಗಳ ಬಾಣಂತನಕ್ಕೆ ಆಗಿತ್ತು. ನಮ್ಮ ಐದು ಲಕ್ಷ ನಾವು ಈ ಮನೆಗೆ ಹಾಲು ಉಕ್ಕಿಸಿದ ವಾರವೇ ಬೇರೊಬ್ಬರ ಕೈ ಸೇರಿತ್ತು.

ಮೇಲೆ ಬಂದು ನಾನು ಕೂಗಾಡಿದೆ. "ನಮ್ಮ ರೊಕ್ಕ ಹೋತು. ಆಕೀ ಹತ್ರ ಒಂದು ಪೈ ಇಲ್ಲ. ಮಂದಿ ರೊಕ್ಕ ತಗೊಂಡು ಮಂದಿಗೆ ಕೊಡೂದು ಅಂದ್ರ ಇದೇನು ಹುಡುಗಾಟನ?"

ಸುನಂದಾ ಬಟ್ಟೆ ಮಡಿಸುತ್ತಿದ್ದಳು. "ನೀವೂ ಅದನ್ನ ಮಾಡ್ತೀರಲ್ಲ" ಅಂದಳು.

"ನಾ ಏನ್ ಮಾಡ್ತೀನಿ?"

"ಗೌರಿಬಿದನೂರಿನವರು ಅಡ್ವಾನ್ಸ್ ಕೊಟ್ರ ಅದರಾಗ ಶಿಡ್ಲಘಟ್ಟದವರ ಆಲ್ಬಮ್ ಪ್ರಿಂಟ್ ಮಾಡಸ್ತೀರಿ. ಗೌರಿಬಿದನೂರಿನ ಆಲ್ಬಮ್ಮಿಗೆ ಮತ್ತೊಂದು ಮದುವಿ ಬರಬೇಕು. ಆಷಾಢದಾಗ ಮದುವಿ ಇಲ್ಲದಾಗ ಫೋನ್ ಎತ್ತೂದಿಲ್ಲ. ಆಕೀಗೂ ನಿಮಗೂ ಏನ್ ಫರಕ್ ಐತಿ ಹೇಳ್ರಿ."

ಗದಗಿನಲ್ಲೂ ನಾನು ಹೀಗೆಯೇ ನಡೆಸಿದ್ದೆ. ನಾನಷ್ಟೇ ಅಲ್ಲ, ಈ ಕಸುಬಿನವರು ಬಹಳ ಜನ ಹೀಗೆಯೇ. ಮುಂಗಡ ಕೈಗೆ ಬಂದರೆ ಅದು ನಮ್ಮ ದುಡ್ಡೆಂದೇ ಭಾವ. ಕೆಲಸ ಮುಗಿಸಿ ಒಪ್ಪಿಸುವ ತನಕ ಅದು ಅವರ ದುಡ್ಡು, ನಾನು ಬರೀ ಇಟ್ಟುಕೊಂಡವನು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮರುದಿನ ಬ್ಯಾಂಕಿಗೆ ಹೋಗಿ ಮದುವೆಯ ಮುಂಗಡಗಳಿಗೆಂದೇ ಬೇರೆ ಖಾತೆ ತೆರೆದೆ. ಆದರೆ ಅದರಲ್ಲಿ ಹಾಕಲು ಸದ್ಯಕ್ಕೆ ಏನೂ ಇರಲಿಲ್ಲ.

ಮನೆ ನೋಡಲು ಒಬ್ಬಿಬ್ಬರು ಬಂದರು, ಹೋದರು. ಅಷ್ಟು ದುಡ್ಡು ಒಮ್ಮೆಲೇ ಹೊಂದಿಸಲು ಅವರಿಂದ ಆಗಲಿಲ್ಲ. ಮಳಿಗೆಯ ಮಾಲೀಕರು ಫೋನು ಮಾಡತೊಡಗಿದರು. ಊಟ ಸೇರುತ್ತಿರಲಿಲ್ಲ. ಗದಗಿನಿಂದ ಅಣ್ಣ ಫೋನು ಮಾಡಿದರೆ "ಎಲ್ಲಾ ಆರಾಮ" ಎನ್ನುತ್ತಿದ್ದೆ. ನಾರಾಯಣಸ್ವಾಮಿ ಮೇಷ್ಟ್ರು, "ದುಡ್ಡು ಬರೋವರ್ಗೂ ನೀವು ಮನೆ ಬಿಡ್ಬೇಡಿ ಅಷ್ಟೆ, ಪತ್ರ ಗಟ್ಟಿಯಾಗೈತೆ" ಎಂದು ಧೈರ್ಯ ಹೇಳಿದರು. ಮನೆ ಬಿಡದಿರಬಹುದು, ಆದರೆ ಅಂಗಡಿ ಕಾಯುವುದಿಲ್ಲವಲ್ಲ.

ಆಗ ಬಂದವರು ಅನಿಲ್ ಮತ್ತು ಮಂಜುಳಾ. ಗೌರಿಬಿದನೂರು ಕಡೆಯ ಹೊಸ ಜೋಡಿ. ಮಂಜುಳಾ ಆಸ್ಪತ್ರೆಯೊಂದರಲ್ಲಿ ನರ್ಸು, ಅನಿಲ್‌ಗೆ ತರಕಾರಿ ಸಾಗಿಸುವ ಗಾಡಿ ಇತ್ತು. ಅವಳ ಒಡವೆ ಮಾರಿ, ಅವನ ತಂದೆ ಕೊಟ್ಟದ್ದನ್ನು ಸೇರಿಸಿ, ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ಮನೆ ಇಬ್ಬರಿಗೂ ಹಿಡಿಸಿತು. ಮಂಜುಳಾ ಅಡುಗೆಮನೆಯ ಕಿಟಕಿ ತೆರೆದು ನೋಡಿ ನಕ್ಕಳು. ರತ್ನಮ್ಮನವರು ಕಾಫಿ ಮಾಡಲು ಕೆಳಗೆ ಹೋದರು.

ಅನಿಲ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅಣ್ಣಾ, ನೀವು ಮೂರು ವರ್ಷ ಇದ್ದೀರಾ. ಹೇಳಿ, ಓನರಮ್ಮ ಹೆಂಗೆ? ದುಡ್ಡು ಕರೆಕ್ಟಾಗಿ ವಾಪಸ್ ಕೊಡ್ತಾರಾ?"

"ಕೊಡ್ತಾರ" ಎಂಬ ಒಂದು ಮಾತು ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಇಷ್ಟು ವರ್ಷ ಅವರು ಯಾರಿಗೂ ಕೊಡದೆ ಇರಲಿಲ್ಲ. ಆ ವಾರವೇ ನನ್ನ ಖಾತೆಗೆ ಐದು ಲಕ್ಷ ಬರುತ್ತಿತ್ತು. ನಾನು ಸುನಂದಾಳ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಉತ್ತರ ನಾನೇ ಕೊಡಬೇಕಿತ್ತು.

"ಕುಂದರಪಾ" ಅಂದೆ. "ಅಮ್ಮಾರು ಭಾಳ ಒಳ್ಳೇವರು. ಮೋಸ ಮಾಡೂ ಪೈಕಿ ಅಲ್ಲ. ಆದ್ರ ಅವರ ಕೈಯಾಗ ರೊಕ್ಕ ಇಲ್ಲ. ನೀವು ಕೊಟ್ಟದ್ದು ನನಗ ಬರತೈತಿ. ನಿಮಗ ಬರಬೇಕಂದ್ರ ನಿಮ್ಮ ಹಿಂದ ಮತ್ತೊಬ್ಬರು ಬರಬೇಕು. ಬರೂದು ತಡ ಆದ್ರ ನೀವೂ ನನ್ನಂಗ ಕಾಯಬೇಕು."

ನನ್ನ ಭಾಷೆ ಅವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ವಿಷಯ ಅರ್ಥವಾಯಿತು. ಮಂಜುಳಾ ಕಿಟಕಿ ಮುಚ್ಚಿದಳು. ಬಾಗಿಲಲ್ಲಿ ರತ್ನಮ್ಮನವರು ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ತಟ್ಟೆಯನ್ನು ಅಲ್ಲೇ ಇಟ್ಟು ಕೆಳಗಿಳಿದು ಹೋದರು.

ಆ ವಾರ ನನ್ನ ಬದುಕಿನಲ್ಲೇ ಅತಿ ಒಂಟಿತನದ ವಾರ. ದಿನಾ ಬೆಳಗ್ಗೆ "ಏನಮ್ಮಾ, ಎದ್ಯಾ?" ಎಂದು ಮೆಟ್ಟಿಲ ಕೆಳಗಿನಿಂದ ಸಹನಾಳನ್ನು ಕೂಗುತ್ತಿದ್ದ ದನಿ ನಿಂತುಹೋಯಿತು. ಮಳಿಗೆಯನ್ನು ಮೊಬೈಲ್ ಅಂಗಡಿಯವರೊಬ್ಬರು ಹಿಡಿದರು. ಶಟರಿನ ಮೇಲೆ ಅವರ ಬೋರ್ಡು ಏರಿದ ದಿನ ನಾನು ಬೇರೆ ದಾರಿಯಿಂದ ಮನೆಗೆ ಬಂದೆ. ಪರಊರಿನಲ್ಲಿ ಸತ್ಯ ಹೇಳಿ ನನಗೆ ಸಿಕ್ಕಿದ್ದಾದರೂ ಏನು ಎಂದು ಕೇಳಿಕೊಂಡೆ. ದುಡ್ಡಿಲ್ಲ, ಅಂಗಡಿಯಿಲ್ಲ, ಮಾತಾಡಿಸುವವರೂ ಇಲ್ಲ.

ಭಾನುವಾರ ರತ್ನಮ್ಮನವರ ಮಗಳು ಪದ್ಮಾ ಬಂದರು. ಅವರು ಚಿಕ್ಕಬಳ್ಳಾಪುರದಲ್ಲಿ ಸಂಸಾರ ಹೂಡಿ, ಮುದ್ದೇನಹಳ್ಳಿ ಹತ್ತಿರದ ಶಾಲೆಯಲ್ಲಿ ಪಾಠ ಹೇಳುವವರು. ನೇರ ಮೇಲೆ ಬಂದು, "ಅಮ್ಮ ಏನೋ ಅಳ್ತಾ ಕೂತವ್ರೆ. ಏನಾಯ್ತು ಸಾರ್?" ಎಂದು ಕೇಳಿದರು. ದನಿಯಲ್ಲಿ ಕೋಪವಿತ್ತು. ನಾನು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಕೋಪ ಇಳಿದು ದಿಗಿಲಾಯಿತು. ಅವರಿಗೆ ಇದರ ಒಂದಕ್ಷರವೂ ಗೊತ್ತಿರಲಿಲ್ಲ. ದುಡ್ಡು ಬ್ಯಾಂಕಿನಲ್ಲಿದೆ ಎಂದೇ ತಿಳಿದಿದ್ದರು. ಬಸ್ಸಿನಲ್ಲಿ ಸಿಕ್ಕವರ ಸಂಬಳ ಕೇಳುವ ಊರಿನಲ್ಲಿ, ತಾಯಿ ಮಗಳ ನಡುವೆ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ನಮ್ಮ ಊರು ಈ ಊರು ಅಷ್ಟೇನೂ ಬೇರೆಯಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಎಲ್ಲರೂ ಕೆಳಗೆ ರತ್ನಮ್ಮನವರ ನಡುಮನೆಯಲ್ಲಿ ಕೂತೆವು. ಸುನಂದಾ ನಾರಾಯಣಸ್ವಾಮಿ ಮೇಷ್ಟ್ರನ್ನೂ ಕರೆಸಿದಳು. ಮೇಷ್ಟ್ರು ಹೇಳಿದ್ದು ಸರಳವಾಗಿತ್ತು: ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ಇವರ ದುಡ್ಡು ಕೊಟ್ಟುಬಿಡಿ, ಮಹಡಿಯನ್ನು ತಿಂಗಳ ಬಾಡಿಗೆಗೆ ಕೊಡಿ, ಆ ಬಾಡಿಗೆಯಲ್ಲಿ ಕಂತು ಕಟ್ಟಿ.

ರತ್ನಮ್ಮನವರು ಬೆಚ್ಚಿದರು. "ಮನೆ ಮೇಲೆ ಸಾಲಾನಾ? ಅವ್ರು ಇದ್ದಾಗಿಂದ ಈ ಮನೆ ಮೇಲೆ ಒಂದ್ ರೂಪಾಯಿ ಸಾಲ ಇಲ್ಲ. ನಾನು ಮಾಡಲ್ಲಪ್ಪ."

"ಅಮ್ಮಾ," ಸುನಂದಾ ಅವರ ಪಕ್ಕಕ್ಕೆ ಹೋಗಿ ಕೂತಳು, "ನಮ್ಮ ಐದು ಲಕ್ಷ ತಿರುಗಿ ಕೊಡೂದು ಐತಿ ಅಲ್ರಿ? ಅದೂ ಸಾಲನ ಅಲ್ರಿ?"

ರತ್ನಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. "ಹಂಗಾದ್ರೆ ಇಷ್ಟು ವರ್ಷಾನೂ ನಾನು ಸಾಲದಲ್ಲೇ ಇದ್ನಾ?" ಅಂದರು.

"ಇದ್ಯಮ್ಮ" ಅಂದರು ಪದ್ಮಾ. "ತೀರಿಸ್ತಾ ಇರ್ಲಿಲ್ಲ ಅಷ್ಟೆ. ನನಗೆ ಯಾಕೆ ಹೇಳ್ಲಿಲ್ಲ ನೀನು?"

"ನಿನಗೆ ನಿನ್ ಸಂಸಾರ ಐತೆ ಕಣೇ."

"ನಿನ್ ದುಡ್ಡು ನನ್ ಸಂಸಾರ ಅಲ್ವಾ?"

ಇಬ್ಬರೂ ತೆಲುಗಿಗೆ ದಾಟಿದರು. ಅಷ್ಟು ಹೊತ್ತಿಗೆ ನನಗೆ ತೆಲುಗು ಅಲ್ಪಸ್ವಲ್ಪ ತಿಳಿಯುತ್ತಿತ್ತು. ಬೈಗುಳವೇ ಹೆಚ್ಚು ಇತ್ತು. ಕೊನೆಗೆ ರತ್ನಮ್ಮನವರು ಕಣ್ಣೊರೆಸಿಕೊಂಡು, ಆ ವಾರದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿದರು: "ನನ್ ಮನೇಲಿ ಕೂತು ನನ್ ವಿಷ್ಯ ಹೇಳಿಬಿಟ್ಯಲ್ಲಪ್ಪ ಈರಣ್ಣ."

"ತಪ್ಪಾತ್ರೀ ಅಮ್ಮಾ. ನಿಮಗ ಮೊದಲ ಹೇಳಿ ಆಮ್ಯಾಲ ಅವರಿಗೆ ಹೇಳಬೇಕಾಗಿತ್ತು."

"ಹೇಳಿದ್ದು ತಪ್ಪಲ್ಲ ಬಿಡು. ಆ ಹುಡುಗಿ ಒಡವೆ ಮಾರಿ ಬಂದಿದ್ಲು." ತಲೆಯಾಡಿಸಿ, "ಪರ್ವಾಲೇದು" ಅಂದರು.

ಬ್ಯಾಂಕಿನ ಕೆಲಸ ಬೇಗ ಮುಗಿಯಲಿಲ್ಲ. ಪದ್ಮಾ ತಾಯಿಯ ಜೊತೆಗೆ ತಾವೂ ಸಾಲಗಾರರಾಗಿ ಸಹಿ ಹಾಕಿದರು, ಸಂಬಳದ ಚೀಟಿ ಕೊಟ್ಟರು. ಅದಿಲ್ಲ ಇದಿಲ್ಲ ಎಂದು ಓಡಾಟವಾಯಿತು. ನಾವು ಮಹಡಿಯಲ್ಲೇ ಉಳಿದೆವು. ಅವಧಿ ಮುಗಿದ ಮೇಲಿನ ತಿಂಗಳುಗಳಿಗೆ ಸುನಂದಾ ಬಾಡಿಗೆ ಕೊಡಹೋದಳು. ರತ್ನಮ್ಮನವರು ಮುಟ್ಟಲಿಲ್ಲ.

ಅಂದು ನಾನು ಸ್ಕಂದಗಿರಿಯ ಮೇಲೆ ಒಂದು ಜೋಡಿಯ ಫೋಟೋ ತೆಗೆಯುತ್ತಿದ್ದೆ. ಮಂಜು ತೆರೆದ ಗಳಿಗೆಯಲ್ಲಿ ನಾಲ್ಕು ಒಳ್ಳೆಯ ಚಿತ್ರಗಳು ಸಿಕ್ಕವು. ಬೆಟ್ಟ ಇಳಿದು ಹೊಲಗಳ ಅಂಚಿಗೆ ಬರುವಾಗ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಐದು ಲಕ್ಷ ಜಮೆಯಾದ ಸಂದೇಶ. ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಮದುಮಗ ಗಾಬರಿಯಾಗಿ, "ಏನಾಯ್ತಣ್ಣ, ಕಾಲು ಉಳುಕ್ತಾ?" ಅಂದ. ಇಲ್ಲವೆಂದು ತಲೆಯಾಡಿಸಿದೆ. ಹೂಕೋಸಿನ ಹೊಲಕ್ಕೆ ನೀರು ಬಿಟ್ಟಿದ್ದರು. ಆ ತಂಪನ್ನು ಮೂಗಿನ ತುಂಬ ಎಳೆದುಕೊಂಡೆ. ಎಷ್ಟು ತಿಂಗಳಿಂದ ಸರಿಯಾಗಿ ಉಸಿರಾಡಿರಲಿಲ್ಲವೆಂದು ಆಗ ತಿಳಿಯಿತು.

ಸುನಂದಾಳಿಗೆ ಫೋನು ಮಾಡಿದೆ. "ಬಂತು" ಎಂದಷ್ಟೇ ಹೇಳಿದೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. "ಮೊದಲ ಉಪ್ಪಿಟ್ಟು ತಿಂದು ಬರ್ರಿ, ಹಸಿವಿಲೆ ಗಾಡಿ ಹೊಡೀಬ್ಯಾಡ್ರಿ" ಅಂದಳು.

ಆ ದುಡ್ಡನ್ನು ನಾವು ಒಂದೇ ಕಡೆ ಸುರಿಯಲಿಲ್ಲ. ಅರ್ಧ ವರ್ಷ ಯಾರ ಸಂಪಾದನೆಯೂ ಇಲ್ಲದಿದ್ದರೂ ಸಂಸಾರ ನಡೆಯುವಷ್ಟನ್ನು ಮೊದಲು ಬೇರೆ ಇಟ್ಟೆವು, ಅದನ್ನು ಮುಟ್ಟುವಂತಿಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು. ಲೆನ್ಸಿನ ಉಳಿದ ಕಂತು ತೀರಿಸಿದೆವು. ಪಕ್ಕದ ಬೀದಿಯಲ್ಲಿ ಚಿಕ್ಕ ಮನೆ ಬಾಡಿಗೆಗೆ ಹಿಡಿದೆವು. ಅದರ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಬೋರ್ಡು ಸಣ್ಣದು, ಆದರೂ ಅದರಲ್ಲಿ ನನ್ನ ಹೆಸರಿದೆ. ರತ್ನಮ್ಮನವರ ಮಹಡಿಗೆ ಬಾಡಿಗೆಗೆ ಬಂದವರು ಯಾರೆಂದುಕೊಂಡಿರಿ? ಅನಿಲ್, ಮಂಜುಳಾ. ಒಡವೆಯ ದುಡ್ಡು ಬ್ಯಾಂಕಿನಲ್ಲಿ ಠೇವಣಿಯಾಗಿದೆ. ರತ್ನಮ್ಮನವರು ಪ್ರತಿ ತಿಂಗಳು ಕಂತು ಕಟ್ಟಿ ಬಂದು, "ಇಷ್ಟು ಇಳೀತು ಕಣಪ್ಪಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ನನಗೆ ಹೇಳುತ್ತಾರೆ.

ಆ ವರ್ಷದ ಆಷಾಢ ನನಗೆ ಚೆನ್ನಾಗಿ ನೆನಪಿದೆ. ಮದುವೆಗಳಿರಲಿಲ್ಲ, ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಮುಂಗಡದ ಖಾತೆಯಲ್ಲಿ ಅವರವರ ದುಡ್ಡು ಅವರವರಿಗಾಗಿ ಇತ್ತು. ಆಲ್ಬಮ್‌ಗಳು ಹೇಳಿದ ಹೊತ್ತಿಗೆ ಹೋದವು. ಮಧ್ಯಾಹ್ನ ಊಟ ಮಾಡಿ ಚಾಪೆ ಹಾಸಿ ಮಲಗಿದೆ. ಈ ಕಸುಬು ಹಿಡಿದ ಮೇಲೆ ಆಷಾಢದಲ್ಲಿ ನೆಮ್ಮದಿಯಾಗಿ ಮಲಗಿದ್ದು ಅದೇ ಮೊದಲು.

ಕಳೆದ ರಜೆಯಲ್ಲಿ ಗದಗಿಗೆ ಹೋಗಿದ್ದೆವು. ಊಟದ ಹೊತ್ತಿನಲ್ಲಿ ನಾನು ಅಣ್ಣನಿಗೆ, "ನಿಂದು ತಿಂಗಳಾ ಎಷ್ಟು ಉಳೀತೈತಿ?" ಎಂದು ಕೇಳಿಬಿಟ್ಟೆ. ತಾಟಿನ ಸದ್ದು ನಿಂತಿತು. ಅಣ್ಣ ತಲೆಯೆತ್ತಿ, "ಇದೇನಲೇ, ಮಂದಿ ಮುಂದ ಕೇಳೂ ಮಾತಾ?" ಅಂದ. ಅಲ್ಲಿ ಮಂದಿ ಯಾರೂ ಇರಲಿಲ್ಲ, ನಾವೇ ಇದ್ದೆವು. ಸಂಜೆ ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಹಿತ್ತಿಲಿಗೆ ಕರೆದು, ಸುನಂದಾ ಹೇಳಿದ್ದ ಅಂಚೆ ಕಚೇರಿಯ ಖಾತೆ ತೆರೆಯಲು ಏನೇನು ಬೇಕು ಎಂದು ಮೆಲ್ಲಗೆ ಕೇಳಿದರು. ವಿವರಿಸುತ್ತ ನಾನು, "ಅದಕ್ಕೇನಮ್ಮ, ಆಧಾರ್ ತಗೊಂಡು ಹೋಗಿ, ಅವ್ರೇ ಮಾಡ್ಕೊಡ್ತಾರೆ" ಅಂದೆ. ವೈನಿ ಬಾಯಿಗೆ ಸೆರಗು ಹಿಡಿದು ನಕ್ಕರು. "ನಮ್ಮ ಈರಣ್ಣ ಎಲ್ಲಿ ಹೋದಾ?" ಅಂದರು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕು, ಚೀಲಗಳನ್ನು ನೋಡಿ, "ಎಲ್ಲಿಗೆ ಹೊಂಟಿ?" ಎಂದು ಕೇಳಿದ. "ಊರಿಗೆ" ಅಂದೆ. ಅವನು ಹುಬ್ಬೇರಿಸಿದ. ಚಿಂತಾಮಣಿಯಲ್ಲಿ ಇಳಿದಾಗ ನಾರಾಯಣಸ್ವಾಮಿ ಮೇಷ್ಟ್ರು ಹಾಲಿನಂಗಡಿಯ ಮುಂದೆ ನಿಂತಿದ್ದರು. "ಏನ್ ಸಾರ್, ಎಲ್ಲೂ ಕಾಣಲಿಲ್ಲ ಈ ಕಡೆ?" ಅಂದರು.

"ಊರಿಗೆ ಹೋಗಿದ್ದೆ" ಅಂದೆ.